ಎಂಟು ಹಾಡಿಗೆ 40,000 ರೂಪಾಯಿ: ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವನು. ವಯಸ್ಸು 34. ತತ್ವಪದ, ಭಜನೆಪದ ಹಾಡುತ್ತೇನೆ. ನಾನೇ ಬರೆದು ಮಟ್ಟು ಹಾಕಿದ ಎಂಟು ಹಾಡುಗಳಿವೆ. ಕಲಬುರಗಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ನನ್ನದೇ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿ ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದೆ. ಒಂದು ಹಾಡು ಚೆನ್ನಾಗಿ ಓಡಿತು, ರೀಲ್ಸ್‌ನಲ್ಲೂ ಬಂತು. ಈಗ ಒಂದು ಆಡಿಯೊ ಕಂಪನಿಯವರು ಎಂಟೂ ಹಾಡಿನ ಪೂರ್ತಿ ಹಕ್ಕು ಕೇಳುತ್ತಿದ್ದಾರೆ. ಒಂದೇ ಸಲ 40,000 ರೂಪಾಯಿ ಕೊಡುತ್ತಾರಂತೆ. ಅವರು ಕಳಿಸಿದ ಕಾಗದ ಜೊತೆಗಿದೆ. ಗೆಳೆಯರು "ತಗೊಂಡುಬಿಡು, ಈಗ ಎಲ್ಲಾ ದೊಡ್ಡ ಕಂಪನಿಗಳೇ ಕೊಳ್ಳುತ್ತಿವೆ, ಒಬ್ಬನೇ ಇದ್ದು ಏನು ಮಾಡುತ್ತೀ" ಅನ್ನುತ್ತಾರೆ. ಇನ್ನೊಂದು ವಿಷಯ. ನಾನು ಹಾಡಿದ ಕಡಕೋಳ ಮಡಿವಾಳಪ್ಪನವರ ಪದಕ್ಕೆ ಯಾರೋ ಕಾಪಿರೈಟ್ ಕ್ಲೇಮ್ ಹಾಕಿದ್ದಾರೆ. ಅಷ್ಟು ಹಳೆಯ ಪದಕ್ಕೆ ಯಾರ ಹಕ್ಕು?

ಉತ್ತರ: ಈ ಕಾಗದಕ್ಕೆ ಸಹಿ ಹಾಕಬೇಡಿ. ಕಂಪನಿಯವರು ಮೋಸಗಾರರು ಅಂತ ಹೇಳುತ್ತಿಲ್ಲ. ಇಂಥ ಕರಾರುಗಳನ್ನು ಓದುವುದೇ ನನ್ನ ಕೆಲಸ. ನೀವು ಕಳಿಸಿದ್ದು ಈ ವ್ಯವಹಾರದಲ್ಲಿ ತೀರಾ ಮಾಮೂಲಿ ಕಾಗದ. ತೊಂದರೆ ಇರುವುದೇ ಆ ಮಾಮೂಲಿನಲ್ಲಿ.

ಎರಡನೇ ಪುಟ ನೋಡಿ. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರರ ಹಕ್ಕೂ ಕಂಪನಿಗೆ, "ಕಾಪಿರೈಟ್ ಇರುವಷ್ಟು ಕಾಲ" ಅಂತ ಬರೆದಿದ್ದಾರೆ. ಎಷ್ಟು ಕಾಲ ಅದು? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬರೆದವರು ಬದುಕಿರುವ ತನಕ ಇರುತ್ತದೆ. ಅವರು ಹೋದ ಮೇಲೂ 60 ವರ್ಷ ಇರುತ್ತದೆ. ನಿಮಗೀಗ 34. ಎಪ್ಪತ್ತರ ತನಕ ಬದುಕುತ್ತೀರಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ, ಜಾಸ್ತಿಯೇ ಬದುಕಿ. 36 ಮತ್ತು 60 ಕೂಡಿದರೆ 96 ವರ್ಷ. ಒಂದು ಹಾಡಿಗೆ ಸಿಗುತ್ತಿರುವುದು 5,000. ಅಂದರೆ ವರ್ಷಕ್ಕೆ 52 ರೂಪಾಯಿ. ನಿಮ್ಮ ಮೊಮ್ಮಕ್ಕಳ ಪಾಲನ್ನೂ ಸೇರಿಸಿ ಈಗಲೇ ಮಾರಿದಂತೆ. 40,000 ಸಣ್ಣ ಮೊತ್ತ ಅಂತ ನಾನು ಅನ್ನುವುದಿಲ್ಲ. ಸ್ಟುಡಿಯೊ ಖರ್ಚಿಗೆ ಕೈಸಾಲ ಮಾಡಿದ್ದರಂತೂ ಅದು ದೊಡ್ಡದೇ. ಆದರೆ ಅಷ್ಟೇ ಹಣಕ್ಕೆ ಇದಕ್ಕಿಂತ ಬಹಳ ಕಡಿಮೆ ಕೊಡಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಗೆಳೆಯರ ಮಾತು. ಅದರಲ್ಲಿ ಅರ್ಧ ನಿಜ ಇದೆ. 1998ರ ಶುರುವಿನಲ್ಲಿ ಜಗತ್ತಿನ ಸಂಗೀತ ವ್ಯಾಪಾರದಲ್ಲಿ ದೊಡ್ಡವರು ಅಂದರೆ ಆರು ಕಂಪನಿ: ಪಾಲಿಗ್ರಾಮ್, ಯೂನಿವರ್ಸಲ್, ಸೋನಿ, ಬಿಎಂಜಿ, ವಾರ್ನರ್, ಇಎಂಐ. ಆ ವರ್ಷ ಯೂನಿವರ್ಸಲ್‌ನ ಒಡೆಯರಾಗಿದ್ದ ಕೆನಡಾದ ಸೀಗ್ರಾಮ್ ಪಾಲಿಗ್ರಾಮ್ ಅನ್ನು ಕೊಂಡಿತು. ಹೌದು, ವಿಸ್ಕಿಯ ಸೀಗ್ರಾಮೇ. 2004ರಲ್ಲಿ ಸೋನಿ ಮತ್ತು ಬಿಎಂಜಿ ಕೂಡಿದವು, 2008ರಲ್ಲಿ ಬಿಎಂಜಿಯ ಪಾಲನ್ನೂ ಸೋನಿಯೇ ಕೊಂಡಿತು. 2012ರಲ್ಲಿ ಇಎಂಐ ಹರಿದು ಹಂಚಿಹೋಯಿತು. ಅದರ ಧ್ವನಿಮುದ್ರಣಗಳು ಯೂನಿವರ್ಸಲ್‌ಗೆ ಹೋದವು. ಇಷ್ಟೂ ಒಬ್ಬರ ಕೈಗೆ ಬೇಡ ಅಂತ ಯುರೋಪಿನ ನಿಯಂತ್ರಕರು ಪಟ್ಟು ಹಿಡಿದಿದ್ದರಿಂದ ಪಾರ್ಲೋಫೋನ್ ಎಂಬ ಭಾಗವನ್ನು ಹೊರಗೆ ಮಾರಬೇಕಾಯಿತು. ಅದನ್ನು 2013ರಲ್ಲಿ ಕೊಂಡಿದ್ದು ವಾರ್ನರ್! ಒಬ್ಬ ದೊಡ್ಡವನಿಂದ ಬಿಡಿಸಿದ್ದು ಇನ್ನೊಬ್ಬ ದೊಡ್ಡವನಿಗೇ ಹೋಯಿತು. ಈಗ ಉಳಿದವರು ಮೂವರು: ಯೂನಿವರ್ಸಲ್, ಸೋನಿ, ವಾರ್ನರ್.

ನಮ್ಮ ದೇಶದ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಸಿನಿಮಾ ಹಾಡಿನದೇ ದರ್ಬಾರು. ಟಿ-ಸೀರೀಸ್, ಸರೆಗಮ, ಜೀ ಮ್ಯೂಸಿಕ್, ಟಿಪ್ಸ್ ಇವೆ. ಕನ್ನಡದಲ್ಲಿ ಲಹರಿ, ಆನಂದ್ ಆಡಿಯೊದಂಥ ನಮ್ಮವರೇ ಇದ್ದಾರೆ. ಆದರೆ ಕೊಳ್ಳುವ ಗಾಳಿ ದಕ್ಷಿಣಕ್ಕೂ ಬಂದಿದೆ. ಚೆನ್ನೈನ ಥಿಂಕ್ ಮ್ಯೂಸಿಕ್‌ನ ದೊಡ್ಡ ಪಾಲನ್ನು 2021ರಲ್ಲಿ ಫ್ರಾನ್ಸಿನ ಬಿಲೀವ್ ಎಂಬ ಸಂಗೀತ ಕಂಪನಿ ಕೊಂಡಿತು. ಚೆನ್ನೈನದೇ ಡಿವೋ ಎಂಬ ಡಿಜಿಟಲ್ ಕಂಪನಿಯ ದೊಡ್ಡ ಪಾಲು 2023ರಲ್ಲಿ ವಾರ್ನರ್‌ಗೆ ಹೋಯಿತು. ಹಾಡು ಕೇಳಿಸುವ ಆ್ಯಪ್‌ಗಳ ಕಥೆಯೂ ಇದೇ. 2018ರಲ್ಲಿ ಸಾವನ್ ಜಿಯೊ ಜೊತೆ ಕೂಡಿ ಜಿಯೊಸಾವನ್ ಆಯಿತು. ರೆಸ್ಸೊ 2024ರ ಜನವರಿಯಲ್ಲಿ ಭಾರತದಲ್ಲಿ ಅಂಗಡಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್‌ನ ವಿಂಕ್ ಕೂಡ ಮುಚ್ಚಿತು. ತಮ್ಮ ಹಾಡು ವಿಂಕ್‌ನಲ್ಲಿ ಕಾಲರ್ ಟ್ಯೂನ್ ಆಗಲಿ ಅಂತ ಒಂದು ಕಾಲದಲ್ಲಿ ಎಷ್ಟು ಜನ ಓಡಾಡುತ್ತಿದ್ದರು, ನೆನಪಿದೆ ಅಲ್ವಾ?

ಗೆಳೆಯರ ಮಾತಿನ ಉಳಿದರ್ಧ ಮಾತ್ರ ತಪ್ಪು. "ದೊಡ್ಡವರು ಎಲ್ಲ ಕೊಳ್ಳುತ್ತಿದ್ದಾರೆ, ಆದ್ದರಿಂದ ನೀನೂ ಮಾರು" ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಎಲ್ಲರೂ ಕೊಳ್ಳುತ್ತಿದ್ದಾರೆ ಅಂದರೆ ಕೊಳ್ಳುವ ವಸ್ತುವಿಗೆ ಬೆಲೆ ಇದೆ ಅಂತ ಅರ್ಥ. ಹಾಗಾದರೆ ಕೊಳ್ಳುತ್ತಿರುವುದು ಏನನ್ನು? ಸ್ಟುಡಿಯೊ ಕಟ್ಟಡವನ್ನಲ್ಲ, ಮೈಕುಗಳನ್ನಲ್ಲ. ಬೀರುವಿನಲ್ಲಿರುವ ಹಳೆಯ ಕರಾರುಗಳನ್ನು. ನೀವು ಈಗ ಸಹಿ ಹಾಕಲು ಹೊರಟಿರುವಂಥ ಕಾಗದಗಳನ್ನು.

ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದ ಉದಾಹರಣೆ ತೆಗೆದುಕೊಳ್ಳಿ. ನಮ್ಮ ಹಿರಿಯರು ಎಚ್‌ಎಂವಿ ಅನ್ನುತ್ತಿದ್ದರಲ್ಲ, ನಾಯಿ ಚಿತ್ರದ ತಟ್ಟೆ, ಅದೇ. ಅದಕ್ಕೆ ಹಾಡಿದವರು ಇಂಗ್ಲೆಂಡಿನ ಇಎಂಐ ಬಳಗದ ಕಂಪನಿಗೆ ಸಹಿ ಹಾಕಿ ಕೊಟ್ಟರು. 1980ರ ದಶಕದಲ್ಲಿ ಕಂಪನಿ ಆರ್‌ಪಿಜಿ ಉದ್ಯಮ ಗುಂಪಿನ ಕೈಗೆ ಬಂತು. ಆಮೇಲೆ ಹೆಸರು ಸರೆಗಮ ಅಂತ ಆಯಿತು. ಒಡೆಯರು ಬದಲಾದರು, ಹೆಸರೂ ಬದಲಾಯಿತು. ಹಾಡಿದವರನ್ನು ಒಮ್ಮೆಯೂ ಯಾರೂ ಕೇಳಬೇಕಾಗಿರಲಿಲ್ಲ. ಕರಾರು ಹಾಗೆ ಇತ್ತು. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ, ವ್ಯಾಪಾರ ನಡೆಯುವುದೇ ಹೀಗೆ. ನಿಮ್ಮ ಕಾಗದದ ನಾಲ್ಕನೇ ಪುಟದಲ್ಲೂ ಆ ಸಾಲು ಇದೆ: "ಕಂಪನಿ ಎಂದರೆ ಅದರ ಉತ್ತರಾಧಿಕಾರಿಗಳೂ, ಅದು ನೇಮಿಸಿದವರೂ ಸೇರುತ್ತಾರೆ." ಇವತ್ತು ನಿಮಗೆ ಫೋನ್ ಮಾಡಿ "ಅಣ್ಣಾ" ಅನ್ನುವ ಹುಡುಗ ಒಳ್ಳೆಯವನೇ ಇರಬಹುದು. ಐದು ವರ್ಷ ಬಿಟ್ಟು ನಿಮ್ಮ ಹಾಡು ಯಾವ ಊರಿನ ಯಾವ ಕಂಪನಿಯ ಹತ್ತಿರ ಇರುತ್ತದೋ, ಅಲ್ಲಿ ಆ ಹುಡುಗ ಇರುವುದಿಲ್ಲ.

ಸ್ವತಂತ್ರವಾಗಿರುವವರಿಗೂ ಈ ಬಿಸಿ ತಟ್ಟುತ್ತದೆ, ಅದನ್ನೂ ಹೇಳಬೇಕು. ಸ್ಪಾಟಿಫೈ, ಜಿಯೊಸಾವನ್‌ನಂಥ ಕಡೆ ನೇರವಾಗಿ ಹೋಗಿ ಹಾಡು ಹಾಕಲು ಆಗುವುದಿಲ್ಲ. ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಸಣ್ಣವರಿಗಾಗಿಯೇ ಹುಟ್ಟಿದ ಇಂಥ ಕಂಪನಿಗಳು ಈಗ ಒಂದೊಂದಾಗಿ ದೊಡ್ಡವರ ಮನೆ ಸೇರುತ್ತಿವೆ. ದಿ ಆರ್ಚರ್ಡ್ 2015ರಲ್ಲಿ ಪೂರ್ತಿಯಾಗಿ ಸೋನಿಯದಾಯಿತು. ಅದೇ ವರ್ಷ ಟ್ಯೂನ್‌ಕೋರ್ ಬಿಲೀವ್ ಪಾಲಾಯಿತು. 2021ರಲ್ಲಿ ಸೋನಿ ಏವಾಲ್ ಅನ್ನೂ ಕೊಂಡಿತು. ಸಿಡಿ ಬೇಬಿ 2019ರಲ್ಲಿ ಡೌನ್‌ಟೌನ್ ಕೈಗೆ ಹೋಯಿತು. ಆ ಡೌನ್‌ಟೌನ್ ಅನ್ನೇ 775 ಮಿಲಿಯನ್ ಡಾಲರಿಗೆ ಕೊಳ್ಳುತ್ತೇವೆ ಅಂತ ಯೂನಿವರ್ಸಲ್‌ನ ವರ್ಜಿನ್ ವಿಭಾಗ 2024ರ ಡಿಸೆಂಬರ್‌ನಲ್ಲಿ ಘೋಷಿಸಿತು. 2025ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಇದರ ಮೇಲೆ ಆಳವಾದ ತನಿಖೆ ಶುರು ಮಾಡಿತು. ಅವರ ಆತಂಕ ಕುತೂಹಲದ್ದು. ಆಗ ಡೌನ್‌ಟೌನ್ ಬಳಿ ಸಣ್ಣ ಲೇಬಲ್‌ಗಳ (ಹಾಡು ಹೊರತರುವ ಕಂಪನಿಗಳ) ರಾಯಲ್ಟಿ ಲೆಕ್ಕ ಇಡುವ ವ್ಯವಸ್ಥೆ ಇತ್ತು. ಯಾರ ಹಾಡು ಎಷ್ಟು ಓಡುತ್ತಿದೆ, ಯಾರಿಗೆ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವೆಲ್ಲ ಆ ಲೇಬಲ್‌ಗಳ ಪೈಪೋಟಿದಾರನಾದ ಯೂನಿವರ್ಸಲ್ ಕಣ್ಣಿಗೆ ಬಿದ್ದರೆ ಹೇಗೆ ಅಂತ ಪ್ರಶ್ನೆ.

ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಡಿಸ್ಟ್ರಿಬ್ಯೂಟರ್‌ಗೆ ಹಾಡಿನ ಹಕ್ಕು ಕೊಟ್ಟಿರುವುದಿಲ್ಲ, ನಿಜ. ಆದರೆ ಯಾವ ಹಾಡು ಎಲ್ಲಿ ಹತ್ತುತ್ತಿದೆ ಅನ್ನುವುದು ನಿಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಬೀದರ್‌ನಲ್ಲಿ ಒಂದು ಭಜನೆಪದ ರೀಲ್ಸ್‌ನಲ್ಲಿ ಏಳುತ್ತಿದೆ ಅಂತ ಗೊತ್ತಾದವರು ಹಾಡಿದವನ ಬಳಿ ಮೊದಲು ಬರುತ್ತಾರೆ, ಅವನಿಗೆ ಅದರ ಬೆಲೆ ಗೊತ್ತಾಗುವ ಮೊದಲೇ ಬರುತ್ತಾರೆ. ನಿಮಗೆ ಬಂದ ಫೋನ್ ಕೂಡ ಆ ಒಂದು ಹಾಡು ಓಡಿದ ಮೇಲೆಯೇ ಬಂದಿದ್ದು. ಉಳಿದ ಏಳನ್ನು ಅವರು ಕೇಳಿದ್ದಾರೋ ಇಲ್ಲವೋ!

ಇನ್ನು ಸ್ಟ್ರೀಮಿಂಗ್ ಹಣ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದರಿಂದ ನಿಮ್ಮ ಹೊಟ್ಟೆ ತುಂಬುವುದಿಲ್ಲ. ಬಹಳಷ್ಟು ಆ್ಯಪ್‌ಗಳಲ್ಲಿ ಚಂದಾ ಮತ್ತು ಜಾಹೀರಾತಿನ ಹಣ ಒಂದೇ ರಾಶಿಗೆ ಬೀಳುತ್ತದೆ. ಆ್ಯಪ್‌ನವರು ತಮ್ಮ ಪಾಲು ತೆಗೆದ ಮೇಲೆ, ಒಟ್ಟು ಕೇಳಿದ್ದರಲ್ಲಿ ಯಾರ ಹಾಡು ಎಷ್ಟು ಭಾಗವೋ ಅಷ್ಟು ಹಂಚುತ್ತಾರೆ. ನಿಮ್ಮ ಅಭಿಮಾನಿ ತಿಂಗಳಿಡೀ ನಿಮ್ಮ ಪದವನ್ನೇ ಕೇಳಿದರೂ ಅವರ ಚಂದಾ ಹಣದ ಬಹುಪಾಲು ಹೋಗುವುದು ಜಾಸ್ತಿ ಓಡುವ ಸಿನಿಮಾ ಹಾಡುಗಳಿಗೆ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿಯೇ ಇಲ್ಲ. ಯಾದಗಿರಿಯ ಒಂದು ಅಲಾಯಿ ಪದವನ್ನು (ಮೊಹರಂ ಹಾಡನ್ನು) ಜನ ವರ್ಷಕ್ಕೆ 900 ಸಲ ಕೇಳಿದರೆ ನನ್ನ ಪ್ರಕಾರ ಅದು ದೊಡ್ಡ ವಿಷಯ. ಸ್ಪಾಟಿಫೈ ಪ್ರಕಾರ ಸೊನ್ನೆ.

ಇಂಥ ನಿಯಮ ಬಂದಾಗ ದೊಡ್ಡವರು ಮೇಜಿನ ಆ ಕಡೆಯೂ ಕೂತಿರುತ್ತಾರೆ. 2018ರಲ್ಲಿ ಸ್ಪಾಟಿಫೈ ಷೇರು ಪೇಟೆಗೆ ಬಂದಾಗ ಮೂರೂ ಕಂಪನಿಗಳಿಗೆ ಅದರಲ್ಲಿ ಪಾಲಿತ್ತು. ವಾರ್ನರ್ ಆಗಲೇ ಎಲ್ಲ ಮಾರಿತು, ಸೋನಿ ಅರ್ಧದಷ್ಟು ಮಾರಿತು. ಅಲ್ಲಿಯ ತನಕ ಹಾಡು ಕೊಡುವವರೂ ಅವರೇ, ಅಂಗಡಿಯಲ್ಲಿ ಪಾಲುದಾರರೂ ಅವರೇ ಆಗಿದ್ದರು. ನಮ್ಮ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿದೆ, ಆದರೂ ಎಪಿಎಂಸಿಯಲ್ಲಿ ಖರೀದಿದಾರರು ನಾಲ್ಕೇ ಜನ ಇದ್ದ ದಿನ ರೈತನಿಗೆ ಏನಾಗುತ್ತದೆ ಅಂತ ಆಳಂದದವರಿಗೆ ನಾನು ಹೇಳಬೇಕಾಗಿಲ್ಲ.

ಯೂಟ್ಯೂಬ್‌ನ ಲೆಕ್ಕ ಇದಕ್ಕಿಂತ ವಾಸಿ. ಚಾನೆಲ್‌ಗೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆದರೆ ಜಾಹೀರಾತಿನ ಪಾಲಿಗೆ ಅರ್ಜಿ ಹಾಕಬಹುದು. ಉದ್ದದ ವಿಡಿಯೊಗಳಲ್ಲಿ ಜಾಹೀರಾತು ಹಣದ 55 ಶೇಕಡ ಚಾನೆಲ್‌ನವರದು. ಹಾಗಾಗಿ ನಿಮ್ಮ ಚಾನೆಲ್ ನಿಮ್ಮ ಹೆಸರಿನಲ್ಲಿಯೇ ಇರಲಿ. ಅದರ ಜಿಮೇಲ್, ಪಾಸ್‌ವರ್ಡ್, ಫೋನ್ ನಂಬರ್ ಎಲ್ಲ ನಿಮ್ಮದೇ ಇರಲಿ. ಎಡಿಟಿಂಗ್ ಮಾಡಿಕೊಟ್ಟ ಹುಡುಗನ ಮೇಲ್ ಐಡಿಯಲ್ಲಿ ಚಾನೆಲ್ ನಡೆಸಿ, ಜಗಳವಾದ ಮೇಲೆ ಹಾಡು ಕಳೆದುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಯಾವ ದೊಡ್ಡ ಕಂಪನಿಯೂ ಬೇಕಾಗಲಿಲ್ಲ.

ಈಗ ಕಾನೂನು. ಇಲ್ಲಿ ನಿಮ್ಮ ಕೈ ನೀವು ಅಂದುಕೊಂಡಿದ್ದಕ್ಕಿಂತ ಗಟ್ಟಿ ಇದೆ.

ಒಂದು ಹಾಡಿನೊಳಗೆ ಹಲವು ಹಕ್ಕುಗಳಿರುತ್ತವೆ. ಸಾಹಿತ್ಯ ಬರೆದವರದು ಒಂದು, ಸಂಗೀತ ಕಟ್ಟಿದವರದು ಒಂದು, ಹಾಡಿದವರು ಮತ್ತು ನುಡಿಸಿದವರದು ಒಂದು, ಧ್ವನಿಮುದ್ರಣದ್ದು ಒಂದು. ಧ್ವನಿಮುದ್ರಣದ ಮೊದಲ ಒಡೆಯ ಯಾರು ಅಂದರೆ ಅದನ್ನು ಮಾಡಿಸಲು ಮುಂದಾಗಿ ಜವಾಬ್ದಾರಿ ಹೊತ್ತವರು, ಅಂದರೆ ನಿರ್ಮಾಪಕ. ದುಡ್ಡು ಹಾಕಿ ಮಾಡಿಸಿದವರು ನೀವೇ, ಅಂದಮೇಲೆ ಆ ಸ್ಥಾನವೂ ನಿಮ್ಮದೇ. ಸ್ಟುಡಿಯೊ ಬಿಲ್ ಹುಡುಕಿ ಇಟ್ಟುಕೊಳ್ಳಿ. ಬಿಲ್ ಕೊಟ್ಟಿಲ್ಲ ಅಂದರೆ ಫೋನ್‌ಪೇ ದಾಖಲೆಯಾದರೂ ಇರುತ್ತದೆ ನೋಡಿ. ಕೀಬೋರ್ಡ್ ನುಡಿಸಿ ಟ್ರ್ಯಾಕ್ ಮಾಡಿಕೊಟ್ಟವರಿಂದ "ಇಂಥ ಕೆಲಸಕ್ಕೆ ಇಷ್ಟು ಹಣ ಪಡೆದಿದ್ದೇನೆ, ಮಟ್ಟು ಇವರದೇ" ಅಂತ ಒಂದು ಸಣ್ಣ ಕಾಗದಕ್ಕೆ ಸಹಿ ಮಾಡಿಸಿಕೊಳ್ಳಿ. ಹಾಡು ಓಡುವ ಮೊದಲು ಎಲ್ಲರೂ ಗೆಳೆಯರು, ಓಡಿದ ಮೇಲೆ ಎಲ್ಲರೂ ಸಂಗೀತ ನಿರ್ದೇಶಕರು.

ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಇರಬೇಕು, ಸಹಿ ಇರಬೇಕು. ಯಾವ ಹಾಡು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಲ್ಲ ಅದರಲ್ಲಿ ಇರಬೇಕು. ಇದು ಕಾಯ್ದೆಯ 19ನೇ ಕಲಂ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ "ಆಯ್ತಣ್ಣ, ಹಾಕ್ಕೊಳ್ಳಿ" ಎಂಬ ಧ್ವನಿ ಸಂದೇಶದಿಂದ ಹಾಡು ಮಾರಾಟವಾಗುವುದಿಲ್ಲ. ಕಾಗದದಲ್ಲಿ ಕಾಲ ಬರೆದಿಲ್ಲ ಅಂದರೆ 5 ವರ್ಷ ಅಂತ ತಿಳಿಯಬೇಕು. ಪ್ರದೇಶ ಬರೆದಿಲ್ಲ ಅಂದರೆ ಭಾರತ ಮಾತ್ರ. ಹಕ್ಕು ಕೊಂಡವರು ಒಂದು ವರ್ಷ ಅದನ್ನು ಬಳಸದೆ ಸುಮ್ನೆ ಇಟ್ಟುಕೊಂಡರೆ ಆ ಹಕ್ಕು ಬಿದ್ದುಹೋಗುತ್ತದೆ, ಕಾಗದದಲ್ಲಿ ಬೇರೆ ಏನಾದರೂ ಬರೆದಿರದಿದ್ದರೆ. ನಿಮ್ಮ ಕಾಗದದಲ್ಲಿ ಬರೆದಿದ್ದಾರೆ. "19(4) ಅನ್ವಯಿಸುವುದಿಲ್ಲ" ಎಂಬ ಚಿಕ್ಕ ಸಾಲು ಕೊನೆಯಲ್ಲಿದೆ. ಎಂಟರಲ್ಲಿ ಒಂದನ್ನು ಓಡಿಸಿ ಏಳನ್ನು ಡಬ್ಬಿಯಲ್ಲಿಟ್ಟರೂ ಕೇಳಬೇಡಿ ಅಂತ ಅದರ ಅರ್ಥ.

2012ರ ತಿದ್ದುಪಡಿ ಇನ್ನೂ ದೊಡ್ಡದು. ಅದರ ಹಿಂದೆ ಸಿನಿಮಾ ಗೀತೆ ಬರೆಯುವವರ, ಸಂಗೀತ ಕೊಡುವವರ ವರ್ಷಗಟ್ಟಲೆಯ ಹೋರಾಟ ಇದೆ. ಅದರ ಲಾಭ ಮಾತ್ರ ನಿಮ್ಮಂಥ ಸಿನಿಮಾ ಹೊರಗಿನವರಿಗೂ ಬಂತು. ಸಾಹಿತಿ, ಸಂಗೀತಗಾರ ತಮ್ಮ ಹಕ್ಕನ್ನು ಬರೆದುಕೊಟ್ಟರೂ, ಅದರಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಕೊಡಬಹುದು, ರಾಯಲ್ಟಿ ವಸೂಲಿ ಮಾಡುವ ಸಂಘಕ್ಕೆ ಕೊಡಬಹುದು, ಅಷ್ಟೇ. ಬಿಟ್ಟುಕೊಟ್ಟಿದ್ದೇನೆ ಅಂತ ಬರೆಸಿಕೊಂಡರೂ ಆ ಮಾತು ಕಾನೂನಿನ ಎದುರು ನಿಲ್ಲುವುದಿಲ್ಲ. ನಿಮ್ಮ ಕಾಗದದ ಮೂರನೇ ಪುಟದಲ್ಲಿ "ಮುಂದೆ ಯಾವ ರಾಯಲ್ಟಿಯನ್ನೂ ಕೇಳುವುದಿಲ್ಲ" ಅಂತ ಇದೆಯಲ್ಲ, ಸಾಹಿತ್ಯ ಮತ್ತು ಸಂಗೀತದ ಮಟ್ಟಿಗೆ ಅದು ಖಾಲಿ ಮಾತು. ಆದರೆ ಇದನ್ನೇ ನಂಬಿ ಸಹಿ ಹಾಕಿಬಿಡಬೇಡಿ. ಧ್ವನಿಮುದ್ರಣದ ಒಡೆತನಕ್ಕೆ ಈ ರಕ್ಷಣೆ ಇಲ್ಲ. ಅದು ಹೋದರೆ ಹೋಯಿತು, ಯೂಟ್ಯೂಬ್ ಜಾಹೀರಾತಿನ ಹಣವೂ ಅದರ ಹಿಂದೆಯೇ ಹೋಗುತ್ತದೆ.

ಸಮಪಾಲು ಕಾಗದದ ಮೇಲೆ ಇದ್ದರೆ ಸಾಲದು, ಕೈಗೆ ಬರಬೇಕು. ಅದಕ್ಕೆ ಐಪಿಆರ್‌ಎಸ್ ಸದಸ್ಯರಾಗಿ. ಸಾಹಿತಿಗಳು, ಸಂಗೀತಗಾರರು ಮತ್ತು ಪ್ರಕಾಶಕರಿಗಾಗಿ 1969ರಲ್ಲಿ ಶುರುವಾದ ಸಂಘ ಅದು. ಹೊಸ ಕಾನೂನಿನಡಿ 2017ರಲ್ಲಿ ಮತ್ತೆ ನೋಂದಣಿಯಾಯಿತು. ರೇಡಿಯೊ, ಟಿವಿ, ಆ್ಯಪ್, ಹೋಟೆಲ್, ಕಾರ್ಯಕ್ರಮಗಳಿಂದ ಹಣ ಸಂಗ್ರಹಿಸಿ ಸದಸ್ಯರಿಗೆ ಹಂಚುತ್ತದೆ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬಹುದು. ಎಂಟೂ ಹಾಡುಗಳನ್ನು ನಿಮ್ಮ ಹೆಸರಿನಲ್ಲಿ ದಾಖಲಿಸಿ, ಕಂಪನಿ ಜೊತೆ ಮಾತು ಮುಗಿಯುವ ಮೊದಲೇ. ಹಾಡುಗಾರರಾಗಿ ಇಸಾಮ್ರಾ ಎಂಬ ಇನ್ನೊಂದು ಸಂಘವನ್ನೂ ಸೇರಬಹುದು. ಇದರಿಂದ ಬರುವ ತಿಂಗಳೇ ಹಣ ಸುರಿಯುತ್ತದೆ ಅಂತ ನಂಬಬೇಡಿ. ಹಾಡು ಯಾರದು ಅಂತ ಜಗಳ ಬಂದ ದಿನ ನಿಮ್ಮ ಹೆಸರಿನ ಒಂದು ದಾಖಲೆ ಇರುತ್ತದೆ, ಸದ್ಯಕ್ಕೆ ಅದೇ ದೊಡ್ಡ ಲಾಭ.

ಹಾಗಾದರೆ ಕಂಪನಿಗೆ ಏನು ಹೇಳಬೇಕು? ಬೇಡ ಅಂತ ಹೇಳಬೇಡಿ. ಕಂಪನಿಗಳಿಂದ ಉಪಯೋಗ ಇದೆ. ಅವರ ಚಾನೆಲ್‌ಗೆ ಲಕ್ಷಗಟ್ಟಲೆ ಚಂದಾದಾರರು ಇರುತ್ತಾರೆ, ಸಿನಿಮಾದವರ ಪರಿಚಯ ಇರುತ್ತದೆ, ಕದ್ದು ಹಾಕಿದವರ ಮೇಲೆ ಕ್ಲೇಮ್ ಹಾಕುವ ವ್ಯವಸ್ಥೆ ಇರುತ್ತದೆ. ಒಬ್ಬರೇ ಕೂತು ಇದನ್ನೆಲ್ಲ ಮಾಡುವುದು ಕಷ್ಟ. ಆದ್ದರಿಂದ ಮಾರಬೇಡಿ, ಬಾಡಿಗೆಗೆ ಕೊಡಿ. ಕಾನೂನಿನ ಮಾತಿನಲ್ಲಿ ಲೈಸೆನ್ಸ್. ಓಡಿದ ಆ ಒಂದು ಹಾಡಿನ ಧ್ವನಿಮುದ್ರಣವನ್ನು ಮಾತ್ರ ಮೂರು ವರ್ಷಕ್ಕೆ ಕೊಡುತ್ತೇನೆ ಅನ್ನಿ, ಮುಂಗಡವಾಗಿ ಅದೇ 40,000 ಕೇಳಿ. ಅವರು 20,000ಕ್ಕೆ ಇಳಿಯುತ್ತಾರೆ. ಇಳಿಯಲಿ. ಒಂದು ಹಾಡಿಗೆ, ಮೂರು ವರ್ಷಕ್ಕೆ 20,000 ಅಂದರೆ ಮೊದಲಿನ ಲೆಕ್ಕಕ್ಕಿಂತ ಎಷ್ಟೋ ಮೇಲು. ಮುಂಗಡ ತೀರಿದ ಮೇಲೆ ಬರುವ ಹಣದಲ್ಲಿ ಅರ್ಧ ಕೇಳಿ, ಆರು ತಿಂಗಳಿಗೊಮ್ಮೆ ಲೆಕ್ಕ ಕೇಳಿ. ಅವಧಿ ಮುಗಿದ ದಿನ ಹಾಡು ವಾಪಸ್ ಬರಬೇಕು, ಯೂಟ್ಯೂಬ್‌ನಲ್ಲಿ ಅವರು ಹಾಕಿದ ಕಂಟೆಂಟ್ ಐಡಿ (ಹಾಡನ್ನು ತಾನಾಗಿಯೇ ಗುರುತಿಸಿ ಕ್ಲೇಮ್ ಹಾಕುವ ಯಂತ್ರ) ಹಿಡಿತವನ್ನೂ ತೆಗೆಯಬೇಕು ಅಂತ ಬಿಡಿಸಿ ಬರೆಸಿ. ಎಐಗೆ ಹಾಡು ಕಲಿಸಲು ನನ್ನ ದನಿಯನ್ನು ಕೊಡುವಂತಿಲ್ಲ ಅಂತ ಇನ್ನೊಂದು ಸಾಲು ಸೇರಿಸಿ. ಇವತ್ತು ಇದು ಅತಿ ಅನ್ನಿಸಬಹುದು, ಆದರೆ ದೊಡ್ಡ ಕಂಪನಿಗಳು ಎಐ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಲು ಶುರು ಮಾಡಿವೆ.

ಎಲ್ಲಕ್ಕಿಂತ ಮುಖ್ಯವಾದ ಸಾಲು ನಾಲ್ಕನೇ ಪುಟದ್ದು. "ಉತ್ತರಾಧಿಕಾರಿಗಳು" ಎಂಬ ಮಾತನ್ನು ಹೊಡೆದು ಹಾಕಿಸಿ. ಕಂಪನಿಯೋ ಅದರ ಹಾಡುಗಳ ಸಂಗ್ರಹವೋ ಬೇರೆಯವರಿಗೆ ಮಾರಾಟವಾದರೆ ನನಗೆ 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ನಾನು ಬಯಸಿದರೆ ಲೈಸೆನ್ಸ್ ಅಲ್ಲಿಗೇ ಮುಗಿಯಬೇಕು ಅಂತ ಬರೆಸಿ. ಇದಕ್ಕೆ ಅವರು ಜಗ್ಗಾಡುತ್ತಾರೆ. ಹಣದ ವಿಷಯದಲ್ಲಿ ಬೇಕಾದರೆ ನೀವು ಸೋಲಿ, ಇದರಲ್ಲಿ ಸೋಲಬೇಡಿ. ಈ ಕಂಪನಿ ನಾಳೆ ಇನ್ನೊಂದು ಕಂಪನಿಯ ಹೊಟ್ಟೆ ಸೇರಿದಾಗ ನಿಮ್ಮ ಪದ ಅದರ ಜೊತೆ ಹೋಗುತ್ತದೋ ಇಲ್ಲವೋ ಅನ್ನುವುದು ಈ ಒಂದು ಸಾಲಿನಲ್ಲಿದೆ.

ವೇದಿಕೆಯನ್ನೂ ಮರೆಯಬೇಡಿ. ನಿಮ್ಮ ನಿಜವಾದ ಸಂಪಾದನೆ ಜಾತ್ರೆ, ಪುರಾಣ ಮಂಗಲ, ಗಣೇಶೋತ್ಸವ, ಮದುವೆ ಮನೆಯದು. ಅದು ಹೀಗೆಯೇ ಇರುತ್ತದೆ ಅಂತ ನನ್ನ ಅಂದಾಜು. ಕಾಗದದ ಐದನೇ ಪುಟ ಕಲಾವಿದನ ಕಾರ್ಯಕ್ರಮದ ಆದಾಯದಲ್ಲಿ ಕಂಪನಿಗೆ 20 ಶೇಕಡ ಕೇಳುತ್ತದೆ, ಬೇರೆ ಚಾನೆಲ್‌ಗೆ ಹಾಡಬಾರದು ಅನ್ನುತ್ತದೆ. ಎರಡನ್ನೂ ತೆಗೆಸಿ. ಎಂಟೂ ಹಾಡಿನ ಪೂರ್ತಿ ಹಕ್ಕು ಕೊಟ್ಟರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಟಿಕೆಟ್ ಇಟ್ಟು ನಿಮ್ಮ ಪದವನ್ನು ನೀವೇ ಹಾಡಲು ಕಾನೂನಿನ ಪ್ರಕಾರ ಬೇರೆಯವರ ಅನುಮತಿ ಬೇಕಾಗುತ್ತದೆ. ಧಾರ್ಮಿಕ ಆಚರಣೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಮಾರಂಭಗಳಿಗೆ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಶರಣಬಸವೇಶ್ವರ ಗುಡಿಯಲ್ಲಿ ಭಜನೆ ಹಾಡಿದರೆ ಯಾರೂ ಬಿಲ್ ಕಳಿಸುವಂತಿಲ್ಲ. ಟಿಕೆಟ್ ಕಾರ್ಯಕ್ರಮಕ್ಕೆ ಆ ರಿಯಾಯಿತಿ ಇಲ್ಲ.

ಕೊನೆಗೆ ಮಡಿವಾಳಪ್ಪನವರ ಪದ. ಅವರು ತೀರಿಕೊಂಡು 60 ವರ್ಷ ಎಂದೋ ದಾಟಿದೆ. ಪದ ಈಗ ಎಲ್ಲರದು, ವಚನಗಳ ಹಾಗೆಯೇ. ಯಾರಿಗೂ ಅದರ ಸಾಹಿತ್ಯದ ಮೇಲೆ ಹಕ್ಕಿಲ್ಲ. ಆದರೆ ಅದೇ ಪದವನ್ನು ಒಂದು ಕಂಪನಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗ್ ಅವರದು. ಅವರು ಹೊಸ ಧಾಟಿ ಹಾಕಿದ್ದರೆ ಆ ಧಾಟಿಯೂ ಅವರದು. ನೀವು ಊರಿನ ಭಜನಾ ಮಂಡಳಿಯಲ್ಲಿ ಕಲಿತ ಹಳೆಯ ಮಟ್ಟಿನಲ್ಲಿ, ನಿಮ್ಮದೇ ಏಕತಾರಿ ಮತ್ತು ದಮ್ಮಡಿಯೊಂದಿಗೆ ಹಾಡಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ. ಕ್ಲೇಮ್ ಬರಲು ಕಾರಣ ಬಹುಪಾಲು ಯಂತ್ರ. ಹಳೆಯ ಪದವನ್ನು ಒಂದೇ ಧಾಟಿಯಲ್ಲಿ ಹತ್ತು ಜನ ಹಾಡಿದಾಗ ಕಂಟೆಂಟ್ ಐಡಿಗೆ ಎಲ್ಲ ಒಂದೇ ತರ ಕೇಳುತ್ತದೆ. ಇನ್ನೊಂದು ಕಾರಣವೂ ನಮ್ಮ ಕಡೆ ಸಾಮಾನ್ಯ: ಸ್ಟುಡಿಯೊದ ಕೀಬೋರ್ಡಿನಲ್ಲಿ ಮೊದಲೇ ಇರುವ ರಿದಂ ಲೂಪನ್ನು ಹತ್ತು ಹಾಡಿಗೆ ಬಳಸಿರುತ್ತಾರೆ. ಅದರಲ್ಲಿ ಒಂದನ್ನು ಯಾರೋ ಡಿಸ್ಟ್ರಿಬ್ಯೂಟರ್ ಮೂಲಕ ಕಂಟೆಂಟ್ ಐಡಿಗೆ ಹಾಕಿರುತ್ತಾರೆ. ಉಳಿದ ಒಂಬತ್ತಕ್ಕೂ ಕ್ಲೇಮ್. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಹೊಂದಾಣಿಕೆ ಕಂಡಿದೆ ಅಂತ ಯೂಟ್ಯೂಬ್ ಸ್ಟುಡಿಯೊದಲ್ಲಿ ತೋರಿಸುತ್ತದೆ, ಮೊದಲು ಅದನ್ನು ನೋಡಿ. ಹಾಡು ಶುರುವಾಗುವ ಮೊದಲಿನ ತಾಳದ ತುಣುಕಿನಲ್ಲೇ ಹೊಂದಾಣಿಕೆ ಇದ್ದರೆ ಕಾರಣ ಲೂಪ್ ಅಂತ ಗೊತ್ತಾಗುತ್ತದೆ.

ಹೆದರಬೇಡಿ, ಕ್ಲೇಮ್ ಬೇರೆ, ಚಾನೆಲ್ ಮೇಲೇ ಬೀಳುವ ಸ್ಟ್ರೈಕ್ ಬೇರೆ. ಕ್ಲೇಮ್‌ನಿಂದ ಚಾನೆಲ್ ಹೋಗುವುದಿಲ್ಲ, ಹೆಚ್ಚಾಗಿ ಆ ವಿಡಿಯೊದ ಹಣ ಮಾತ್ರ ಕ್ಲೇಮ್ ಹಾಕಿದವರ ಕಡೆ ಹೋಗುತ್ತದೆ. ತಕರಾರು ಹಾಕಿ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಮೊದಲ ದಿನದಿಂದ ಬಂದ ಹಣವನ್ನು ಯೂಟ್ಯೂಬ್ ತನ್ನ ಬಳಿ ಎತ್ತಿಡುತ್ತದೆ. ತಡವಾಗಿದ್ದರೆ ತಕರಾರು ಹಾಕಿದ ದಿನದಿಂದ. ಕಾರಣ ಬರೆಯುವಲ್ಲಿ ಚಿಕ್ಕದಾಗಿ ಬರೆಯಿರಿ: ಸಾಹಿತ್ಯ ಕಡಕೋಳ ಮಡಿವಾಳಪ್ಪನವರದು, ಕಾಪಿರೈಟ್ ಅವಧಿ ಮುಗಿದಿದೆ, ಮಟ್ಟು ಸಾಂಪ್ರದಾಯಿಕ, ಹಾಡಿದ್ದು, ರೆಕಾರ್ಡ್ ಮಾಡಿಸಿದ್ದು ನಾನೇ, ಇಂಥ ದಿನ ಇಂಥ ಸ್ಟುಡಿಯೊದಲ್ಲಿ. ಕೋಪದ ಮಾತು ಬೇಡ, ಓದುವವರು ಬೆಂಗಳೂರಿನವರೋ ಬೇರೆ ದೇಶದವರೋ ಇರುತ್ತಾರೆ, ಇಂಗ್ಲಿಷ್‌ನಲ್ಲಿ ಬರೆಸಿದರೆ ಒಳ್ಳೆಯದು. ಆ ಕಡೆಯವರಿಗೆ ಉತ್ತರ ಕೊಡಲು 30 ದಿನ ಇದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿಯೇ ಹೋಗುತ್ತದೆ. ತಳ್ಳಿಹಾಕಿದರೆ ಮೇಲ್ಮನವಿ ಹಾಕಬಹುದು, ಅದಕ್ಕೆ ಅವರು 7 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಮೇಲ್ಮನವಿಯ ನಂತರ ಅವರು ವಿಡಿಯೊ ತೆಗೆಸಲು ನೋಟಿಸ್ ಕೊಟ್ಟರೆ ಅದು ಸ್ಟ್ರೈಕ್ ಆಗುತ್ತದೆ. ಹಾಗಾಗಿ ಲೂಪಿನ ಅನುಮಾನ ಇದ್ದರೆ ಮೇಲ್ಮನವಿಗೆ ಹೋಗುವ ಮೊದಲು ಸ್ಟುಡಿಯೊದವರನ್ನು ಹಿಡಿದು ಕೇಳಿ, ಆ ರಿದಂ ಎಲ್ಲಿಂದ ತಂದರು ಅಂತ.